ಮಂಗಳವಾರದ ಗಂಡಸರು

ಹತ್ತನೆಯ ಕಾಗದವನ್ನೂ ಓದಿ ಮುಗಿಸಿದ ಫೋನಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಎದುರು ಕೂತಿದ್ದ ಮೇಷ್ಟ್ರ ಮುಖ ಊರಗಲವಾಗಿತ್ತು. ಹೇಗಿದೆ, ಹೇಗಿದೆ ಎಂದು ಅವರು ಆಗಲೇ ಮೂರು ಸಲ ಕೇಳಿಯಾಗಿತ್ತು.

ಕಾಗದಗಳು ಚೆನ್ನಾಗಿದ್ದವು. ಚೆನ್ನಾಗಿದ್ದದ್ದೇ ಅವಳಿಗೆ ಸರಿಬರಲಿಲ್ಲ. ಹತ್ತು ಹೆಂಗಸರು ಹತ್ತು ಬಗೆಯ ಕೈಬರಹದಲ್ಲಿ ಒಂದೇ ಮಾತು ಬರೆದಿದ್ದರು. 'ನನ್ನ ಪತಿಯವರು ಸದರಿ ತರಗತಿಗೆ ಹಾಜರಾದಂದಿನಿಂದ ಸೌಮ್ಯ ಸ್ವಭಾವದವರಾಗಿದ್ದು, ಮನೆಯಲ್ಲಿ ಸುಖ ಶಾಂತಿ ನೆಲೆಸಿರುತ್ತದೆ. ಆದ್ದರಿಂದ ಸದರಿ ತರಗತಿಗೆ ಅನುದಾನವನ್ನು ಮುಂದುವರಿಸಬೇಕಾಗಿ ವಿನಂತಿ.' ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವ ಹೆಂಗಸು ಗಂಡನನ್ನು ಪತಿಯವರು ಎಂದದ್ದನ್ನು ಫೋನಕ್ಕ ಈ ಜನ್ಮದಲ್ಲಿ ಕೇಳಿರಲಿಲ್ಲ. ಆಕೆ ಫೋನಿನಲ್ಲಿ ಗಂಡನಿಗೆ ಬಳಸುತ್ತಿದ್ದ ಪದಗಳನ್ನು ಯಾವ ಸಮಿತಿಯ ಮುಂದೆಯೂ ಓದುವ ಹಾಗಿರಲಿಲ್ಲ.

"ಇದನ್ನ ಬರೆದವರು ಯಾರು ಮೇಷ್ಟ್ರೇ?"

"ಅವರವರ ಹೆಂಡತಿಯರೇ. ಸಹಿ ನೋಡಿ."

"ಬರೆಸಿದವರು ಯಾರು ಅಂತ ಕೇಳಿದೆ."

ಮೇಷ್ಟ್ರು ಕಿಟಕಿಯ ಕಡೆ ನೋಡಿದರು. ಹೋದ ವಾರ ಕ್ಲಾಸಿಗೆ ಬರುವ ಬಸ್ ಕಂಡಕ್ಟರು ಒಂದು ಮಾದರಿ ತಯಾರಿಸಿ, ಜೆರಾಕ್ಸ್ ಮಾಡಿಸಿ, ಎಲ್ಲರಿಗೂ ಹಂಚಿದ್ದನಂತೆ. ಮನೆಗೆ ಹೋಗಿ ಬರೆಸಿಕೊಂಡು ಬನ್ನಿ ಎಂದಿದ್ದನಂತೆ. ಪಾಪ, ಕ್ಲಾಸು ಉಳಿಯಲಿ ಅನ್ನುವ ಆಸೆ, ಬೇರೇನಿಲ್ಲ ಎಂದರು.

ನಗರಸಭೆಯ ಕಡತದಲ್ಲಿ ಈ ಕ್ಲಾಸಿನ ಹೆಸರು 'ಕೌಟುಂಬಿಕ ವರ್ತನಾ ಪರಿವರ್ತನಾ ಕಾರ್ಯಕ್ರಮ'. ಅಷ್ಟುದ್ದ ಹೇಳುವ ಪುರುಸೊತ್ತು ಯಾರಿಗಿದೆ? ಎಲ್ಲರ ಬಾಯಲ್ಲೂ ಅದು ಮಂಗಳವಾರದ ಕ್ಲಾಸು. ಹೆಂಡತಿಯ ಮೇಲೆ ಕೈಮಾಡಿದ ಹನ್ನೊಂದು ಗಂಡಸರು ವಾರಕ್ಕೊಮ್ಮೆ ಸಂಜೆ ಆರಕ್ಕೆ ಹಳೆಯ ನೀರಿನ ತೆರಿಗೆ ಕಚೇರಿಯ ಮಹಡಿ ಹತ್ತಿ ಬರುತ್ತಾರೆ. ಕೆಲವರನ್ನು ಕೋರ್ಟು ಕಳಿಸಿದೆ. ಕೆಲವರನ್ನು ಹೆಂಡತಿಯರೇ, ಅಲ್ಲಿಗೆ ಹೋಗುವುದಾದರೆ ಮಾತ್ರ ಮನೆಗೆ ವಾಪಸ್ ಬರುತ್ತೇನೆ ಎಂದು ಷರತ್ತು ಹಾಕಿ ಕಳಿಸಿದ್ದಾರೆ. ಗೋಡೆಯ ಮೇಲೆ 'ಸಾಲಾಗಿ ನಿಲ್ಲಿ' ಎಂಬ ತೆರಿಗೆ ಕಚೇರಿಯ ಬೋರ್ಡು ಇನ್ನೂ ಇದೆ. ಅದನ್ನು ಇಳಿಸಲು ಇದುವರೆಗೆ ಏಣಿ ಸಿಕ್ಕಿಲ್ಲ.

ಬೋರ್ಡು ಇದ್ದದ್ದೂ ಒಳ್ಳೆಯದೇ ಆಯಿತು. ಕ್ಲಾಸು ತೆಗೆದುಕೊಳ್ಳುವ ಮೇಷ್ಟ್ರು ಮೂವತ್ತೆರಡು ವರ್ಷ ಶಾಲೆಯಲ್ಲಿ ಡ್ರಿಲ್ ಮಾಡಿಸಿದವರು. ನಿವೃತ್ತರಾದ ಮೇಲೆ ಮನೆಯಲ್ಲಿ ಕೂರಲಾಗದೆ, ಇಲಾಖೆಯ ಆರು ತಿಂಗಳ ತರಬೇತಿ ಮುಗಿಸಿ ಇಲ್ಲಿಗೆ ಬಂದರು. ತರಬೇತಿಯ ಪುಸ್ತಕದಲ್ಲಿದ್ದುದನ್ನೆಲ್ಲ ನಿಷ್ಠೆಯಿಂದ ಕಲಿಸಿದರೂ ಅವರ ನಂಬಿಕೆಯೆಲ್ಲ ಡ್ರಿಲ್ಲಿನ ಮೇಲೆಯೇ. ಸಿಟ್ಟು ನೆತ್ತಿಗೇರಿದವನಿಗೆ ಪುಸ್ತಕ ನೆನಪಾಗುವುದಿಲ್ಲ, ಕಾಲಿಗೆ ಅಭ್ಯಾಸವಾಗಿರಬೇಕು ಎನ್ನುತ್ತಾರೆ. ಹಾಗಾಗಿ ಪ್ರತಿ ಮಂಗಳವಾರ ಹನ್ನೊಂದು ಜನ ಹೊಟ್ಟೆ ಬಂದ ಗಂಡಸರು ಸಾಲಾಗಿ ನಿಂತು, ಕೈಗಳನ್ನು ತೊಡೆಗೆ ಅಂಟಿಸಿ, ಹಿಂದಕ್ಕೆ ತಿರುಗಿ ಬಾಗಿಲಿನ ತನಕ ನಡೆಯುವುದನ್ನು ಕಲಿಯುತ್ತಾರೆ. ತಮ್ಮ ತಲೆಯ ಮೇಲೆ ವಾರಕ್ಕೊಮ್ಮೆ ಏನು ನಡೆಯುತ್ತದೆಂದು ಕೆಳಗಿನ ಅಂಗಡಿಯವರಿಗೆ ಈವರೆಗೂ ತಿಳಿದಿಲ್ಲ.

ಫೋನಕ್ಕನ ಕೆಲಸ ಸೋಮವಾರ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಯುಷ್ಯ ಸವೆಸಿದವಳು, ಈಗ ಅದೇ ಕಿವಿಯಿಂದ ಹನ್ನೊಂದು ಮನೆಗಳನ್ನು ಕೇಳುತ್ತಾಳೆ. ಗಂಡಸರು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಒಬ್ಬೊಬ್ಬ ಹೆಂಡತಿಗೂ ಫೋನ್ ಮಾಡಿ ಈ ವಾರ ಹೇಗಿತ್ತು ಎಂದು ವಿಚಾರಿಸುತ್ತಾಳೆ. ಗಂಡ ಮಂಗಳವಾರ ಹೇಳಿದ್ದಕ್ಕೂ ಹೆಂಡತಿ ಸೋಮವಾರ ಹೇಳಿದ್ದಕ್ಕೂ ತಾಳೆಯಾದರೆ ಸರಿ, ಆಗದಿದ್ದರೆ ಅವಳು ನಂಬುವುದು ಸೋಮವಾರವನ್ನು. ಆ ಹೆಂಗಸರು ಆಡಿದ ಒಂದು ಮಾತೂ ಅವರ ಒಪ್ಪಿಗೆಯಿಲ್ಲದೆ ಹೊರಗೆ ಹೋಗುವುದಿಲ್ಲ. ಅವಳ ಮುಖವನ್ನು ಅವರು ಕಂಡಿಲ್ಲ, ಅವರ ಮುಖವನ್ನು ಅವಳು ಕಂಡಿಲ್ಲ. ಫೋನಕ್ಕನ ತಂಗಿಯೊಬ್ಬಳು ಇಂಥದೇ ಮನೆಯಲ್ಲಿ ಹದಿನಾಲ್ಕು ವರ್ಷ ಕಳೆದು ತೀರಿಕೊಂಡಳು. ಹೇಗಿದ್ದೀಯ ಎಂದು ಅವಳನ್ನು ಕೇಳಿದವರಿಲ್ಲ. ಎಕ್ಸ್‌ಚೇಂಜಿನಲ್ಲಿ ಕೂತು ಊರಿಗೆಲ್ಲ ಲೈನು ಕೊಡುತ್ತಿದ್ದ ಅಕ್ಕ ಕೂಡ ಕೇಳಿರಲಿಲ್ಲ. ಅದಕ್ಕೇ ಅವಳು ಮೊಣಕಾಲು ನೋವನ್ನೂ ಲೆಕ್ಕಿಸದೆ ಈ ಮೆಟ್ಟಿಲು ಹತ್ತುತ್ತಾಳೆ.

ಇದಕ್ಕೆಲ್ಲ ಹಣ ನಗರಸಭೆಯದು. ಮುಂದಿನ ವರ್ಷ ಕೊಡಬೇಕೋ ಬೇಡವೋ ಎಂದು ಸಮಿತಿ ಈ ಶುಕ್ರವಾರ ಬೆಳಿಗ್ಗೆ ತೀರ್ಮಾನಿಸಲಿತ್ತು. ಕ್ಲಾಸು ನಿಂತರೆ ಫೋನೂ ನಿಂತಂತೆ, ಎರಡಕ್ಕೂ ಒಂದೇ ಕಡತ. ಹೆಂಡತಿಗೆ ಹೊಡೆದವರಿಗೆ ಜನರ ದುಡ್ಡಿನಲ್ಲಿ ಟೀ ಬಿಸ್ಕತ್ತು ಕೊಡಬೇಕೇನು ಎಂದು ಸಮಿತಿಯ ಅಧ್ಯಕ್ಷೆ ಹೋದ ವರ್ಷವೇ ಕೇಳಿದ್ದರು. ಮೇಷ್ಟ್ರು ಮರುವಾರವೇ ಬಿಸ್ಕತ್ತು ನಿಲ್ಲಿಸಿದರು. ಅಂದಿನಿಂದ ಗಂಡಸರೇ ಸರದಿಯ ಮೇಲೆ ತರುತ್ತಾರೆ. ಈ ಸಲ ಅಧ್ಯಕ್ಷೆ, ಕ್ಲಾಸಿನಿಂದ ಏನು ಉಪಯೋಗವಾಯಿತೆಂಬುದಕ್ಕೆ ಪುರಾವೆ ತನ್ನಿ ಎಂದು ಬರೆದು ಕಳಿಸಿದ್ದರು. ಅದರ ಫಲವೇ ಈ ಹತ್ತು ಕಾಗದ.

ಫೋನಕ್ಕ ಅದರಲ್ಲೊಂದನ್ನು ಎಳೆದು ಮೇಷ್ಟ್ರ ಮುಂದೆ ತಳ್ಳಿದಳು. ಕಂಡಕ್ಟರನ ಹೆಂಡತಿಯದು. ದುಂಡನೆಯ ಅಕ್ಷರ, ಒಂದು ಕಡೆಯೂ ಹೊಡೆದು ಹಾಕಿಲ್ಲ. ಮಾದರಿಯಲ್ಲಿದ್ದುದನ್ನು ಆಕೆ ಮೊದಲಿನಿಂದ ಕೊನೆಯವರೆಗೆ ನಕಲು ಮಾಡಿದ್ದಳು. ಎಷ್ಟರ ಮಟ್ಟಿಗೆಂದರೆ, ಕೊನೆಯಲ್ಲಿ ತನ್ನ ಹೆಸರು ಬರೆಯುವ ಜಾಗದಲ್ಲಿ ಮಾದರಿಯಲ್ಲಿದ್ದಂತೆಯೇ 'ಹೆಂಡತಿಯ ಸಹಿ ಇಲ್ಲಿ' ಎಂದು ಬರೆದಿದ್ದಳು.

ಮೇಷ್ಟ್ರಿಗೆ ಮೊದಲು ನಗು ಬಂತು. ಆಮೇಲೆ ಅದು ಅರ್ಧಕ್ಕೇ ನಿಂತಿತು.

"ಈ ಹುಡುಗಿ ಒಂದು ವರ್ಷದಿಂದ ನನಗೆ ಹೇಳಿರೋದು ಒಂದೇ ಮಾತು. ಚೆನ್ನಾಗಿದ್ದೀವಿ ಅಂತಾಳೆ, ಇಟ್ಟುಬಿಡ್ತಾಳೆ," ಎಂದಳು ಫೋನಕ್ಕ.

ಕ್ಲಾಸಿನಲ್ಲಿ ಕಂಡಕ್ಟರನೇ ಎಲ್ಲರಿಗಿಂತ ಮುಂದು, ಒಂದು ದಿನವೂ ತಪ್ಪಿಸಿಲ್ಲ, ಪ್ರಶ್ನೆ ಕೇಳಿದರೆ ಮೊದಲು ಅವನ ಕೈ ಮೇಲೇಳುತ್ತದೆ ಎಂದು ಮೇಷ್ಟ್ರು ಗೊಣಗಿದರು. ಮೊನ್ನೆ ಸೋಮವಾರ ಹತ್ತು ಜನರಲ್ಲಿ ಒಬ್ಬರೂ ಈ ಕಾಗದದ ಸುದ್ದಿ ಎತ್ತಿರಲಿಲ್ಲವೆನ್ನುವುದು ಫೋನಕ್ಕನಿಗೆ ಆಗ ಹೊಳೆಯಿತು. ವಾರವಾರವೂ ತನ್ನೊಡನೆ ನೆಗಡಿ ಕೆಮ್ಮಿನಿಂದ ಹಿಡಿದು ಎಲ್ಲ ಹೇಳಿಕೊಳ್ಳುವ ಹೆಂಗಸರು, ಇದೊಂದನ್ನು ನುಂಗಿಕೊಂಡಿದ್ದರು.

"ಇವನ್ನ ಕಳಿಸೋ ಹಾಗಿಲ್ಲ ಮೇಷ್ಟ್ರೇ."

ಮೇಷ್ಟ್ರು ಎದ್ದು ನಿಂತರು. ಮಾತಿಗೆ ಮಾತು ಬೆಳೆಯಿತು. ಕಚೇರಿಯ ಗುಮಾಸ್ತರಿಗೆ ತಾನು ಆಗಲೇ ಹೇಳಿಬಿಟ್ಟಿದ್ದೇನೆ, ಅರ್ಜಿಯ ಜೊತೆ ಹತ್ತು ಪತ್ರ ಎಂದು ನಮೂದಾಗಿದೆ ಎಂದರು. ಒಳ್ಳೆಯ ಉದ್ದೇಶಕ್ಕೆ ಒಂದು ಸಲ ಕಣ್ಣುಮುಚ್ಚಿಕೊಂಡರೆ ಗಂಟೇನು ಹೋಗುತ್ತದೆ, ನಾಳೆ ಕ್ಲಾಸೇ ಇಲ್ಲವಾದರೆ ಈ ಶಿಸ್ತನ್ನು ಇಟ್ಟುಕೊಂಡು ಏನು ಮಾಡುತ್ತೀರಿ ಎಂದರು. ಅವರ ಕಣ್ಣಂಚು ಒದ್ದೆಯಾಗಿತ್ತು. ಆ ಹನ್ನೊಂದು ಜನರನ್ನು ಅವರು ನಿಜಕ್ಕೂ ಹಚ್ಚಿಕೊಂಡಿದ್ದರು, ಅದು ಫೋನಕ್ಕನಿಗೂ ಗೊತ್ತಿತ್ತು. ಅದಕ್ಕೇ ಅವಳಿಗೆ ಅವರ ಮೇಲೆ ಸಿಟ್ಟು ಬಂದರೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ.

"ಬೇಡ ಅನ್ನೋಕೆ ಆ ಹೆಂಗಸ್ರಿಗೆ ಆಗ್ತಿತ್ತಾ, ಅದೊಂದು ಹೇಳಿ," ಎಂದು ಕೇಳಿದಳು.

ಮೇಷ್ಟ್ರು ಕೂತರು. ಒಬ್ಬಳು ಅಂದಿರಬೇಕು, ಹತ್ತೇ ಬಂದಿವೆಯಲ್ಲ ಎಂದರು. ಬಾರದೆ ಉಳಿದದ್ದು ಬೀಗದವನ ಹೆಂಡತಿಯದು. ನಿನ್ನೆ ಕ್ಲಾಸಿನಲ್ಲಿ ಕೇಳಿದರೆ ಅವನು ತುಟಿ ಎರಡು ಮಾಡಲಿಲ್ಲವಂತೆ. ನಿನ್ನೊಬ್ಬನಿಂದ ಎಲ್ಲ ಹಾಳು ಎಂದು ಮಿಕ್ಕವರು ರೇಗಿದಾಗಲೂ ತಲೆ ತಗ್ಗಿಸಿ ನಿಂತಿದ್ದನಂತೆ.

ಫೋನಕ್ಕ ಫೋನನ್ನು ತನ್ನತ್ತ ಎಳೆದುಕೊಂಡಳು.

ಬೀಗದವನ ಅಂಗಡಿ ಬಸ್ ನಿಲ್ದಾಣದ ಹಿಂದೆ. ಕೀ ಕಳೆದುಕೊಂಡವರು ಅವನನ್ನು ಹುಡುಕಿಕೊಂಡು ಬರುತ್ತಾರೆ. ಎಂಥ ಬೀಗವಾದರೂ ಐದು ನಿಮಿಷದಲ್ಲಿ ತೆಗೆಯುವ ಆ ಮನುಷ್ಯ ಒಂದು ದಿನ ಹೆಂಡತಿಯನ್ನು ಹೊಡೆದು, ಮನೆಗೆ ಹೊರಗಿನಿಂದ ಬೀಗ ಹಾಕಿಕೊಂಡು ಹೋಗಿದ್ದ. ಬೆಳಿಗ್ಗೆಯಿಂದ ಸಂಜೆಯವರೆಗೆ ಆಕೆ ಒಳಗಿದ್ದಳು. ಆಮೇಲೆ ಅಕ್ಕನ ಮನೆಗೆ ಹೋದವಳು ಎರಡು ತಿಂಗಳು ಬರಲಿಲ್ಲ. ಬಂದದ್ದು ಎರಡು ಷರತ್ತಿನ ಮೇಲೆ: ಅವನು ಮಂಗಳವಾರದ ಕ್ಲಾಸಿಗೆ ಹೋಗಬೇಕು, ಮನೆಯ ಕೀಗಳೆಲ್ಲ ಅವಳ ಬಳಿ ಇರಬೇಕು. ಈಗ ಆಸ್ಪತ್ರೆಗಳಿಗೆ ದಿಂಬಿನ ಕವರು ಹೊಲಿದುಕೊಡುತ್ತಾಳೆ. ಅವಳ ಹೊಲಿಗೆ ಯಂತ್ರದ ಸದ್ದು ಫೋನಕ್ಕನಿಗೆ ಅವಳ ದನಿಯಷ್ಟೇ ಪರಿಚಯ. ಅಂಥವಳು ಬರೆಯುವುದಿಲ್ಲ ಎಂದಿದ್ದರೆ ಅವನು ಏನು ಮಾಡಿರಬಹುದು?

ಸೋಮವಾರ ಬಿಟ್ಟು ಬೇರೆ ದಿನ ಫೋನ್ ಮಾಡುವ ಪದ್ಧತಿಯಿಲ್ಲ. ಮಾಡಲೇಬೇಕಾದರೆ ಒಬ್ಬೊಬ್ಬರಿಗೂ ಒಂದೊಂದು ಗುರುತಿನ ಮಾತಿದೆ. ಫೋನಕ್ಕ ನಂಬರು ತಿರುಗಿಸಿ, ದಿಂಬಿನ ಕವರು ಆಗಿದೆಯಾ ಎಂದು ಕೇಳಿದಳು. ಗಂಡ ಹತ್ತಿರದಲ್ಲಿದ್ದರೆ ಆಕೆ ಇನ್ನೂ ಆಗಿಲ್ಲ ಎನ್ನಬೇಕು.

"ಆಗಿದೆ ಅಕ್ಕಾ. ಅಂಗಡಿಗೆ ಹೋಗಿದಾರೆ, ಮಾತಾಡಿ," ಎಂದಳು ಬೀಗದವನ ಹೆಂಡತಿ.

ಕಾಗದದ ವಿಷಯ ಕೇಳಿದ ಕೂಡಲೇ ಯಂತ್ರದ ಸದ್ದು ನಿಂತಿತು. ಆಕೆ ಸಾವಕಾಶವಾಗಿ ಹೇಳಿದಳು. ಸೋಮವಾರ ಸಂಜೆ ಅಂಗಡಿ ಮುಚ್ಚಿ ಬಂದವನು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಸುಳಿದಾಡಿದನಂತೆ. ಆಮೇಲೆ ಇದನ್ನೊಂದು ನೋಡಿ ಬರೆದುಕೊಡು ಎಂದನಂತೆ.

"ಓದಿ ನೋಡ್ದೆ. ಆಗಲ್ಲ ಅಂದೆ. ಯಾಕಂದೆನೋ ನನಗೇ ಗೊತ್ತಿಲ್ಲ ಅಕ್ಕಾ, ಬಾಯಿಂದ ಬಂದುಬಿಡ್ತು. ಅಂದ ತಕ್ಷಣ ನೋಡ್ತೀನಿ, ಕತ್ತರಿ ಅಲ್ಲೇ ಮುಂದೆ ಇತ್ತು. ಅದನ್ನ ಮೆಲ್ಲಗೆ ಬಟ್ಟೆ ಕೆಳಗೆ ಸರಿಸಿದೆ. ನಾನು ಸರಿಸಿದ್ದನ್ನ ಅವರು ನೋಡಿದ್ರು."

ಆಮೇಲೆ, ಎಂದಳು ಫೋನಕ್ಕ.

"ಅವರ ಮುಖ ಒಂಥರಾ ಆಗೋಯ್ತು. ಆಮೇಲೆ ಎರಡೂ ಕೈ ಹೀಗೆ ಪಕ್ಕಕ್ಕೆ ಇಟ್ಕೊಂಡು, ಪರೇಡಲ್ಲಿ ತಿರುಗ್ತಾರಲ್ಲ, ಹಾಗೆ ಹಿಂದಕ್ಕೆ ತಿರುಗಿ ಬಾಗಿಲ ತನಕ ನಡೆದ್ರು. ಅಲ್ಲಿಂದ ಮುಂದೆ ಎಲ್ಲಿಗೆ ಹೋಗ್ಬೇಕು ಅಂತ ಹೇಳಿಕೊಟ್ಟಿಲ್ಲ ಅಂತ ಕಾಣುತ್ತೆ. ಸುಮ್ನೆ ಬಾಗಿಲಿಗೆ ಮುಖ ಮಾಡ್ಕೊಂಡು ನಿಂತಿದ್ರು."

ಹೇಳುತ್ತ ಹೇಳುತ್ತ ಆಕೆಗೆ ನಗು ತಡೆಯಲಾಗಲಿಲ್ಲ. ಫೋನಕ್ಕನಿಗೂ ತಡೆಯಲಾಗಲಿಲ್ಲ. ಇಬ್ಬರೂ ಎರಡು ತುದಿಗಳಲ್ಲಿ ನಕ್ಕರು. ಆಮೇಲೆ ಆಕೆಯ ನಗು ಬೇರೆ ಏನೋ ಆಯಿತು, ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ಅವತ್ತು ಅವನು ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದನಂತೆ, ಓಣಿಗೆಲ್ಲ ಕೇಳುವಂತೆ. ಕಾಗದದ ಮಾತನ್ನು ಮತ್ತೆ ಎತ್ತಲಿಲ್ಲವಂತೆ.

ಫೋನಕ್ಕನ ಕಣ್ಣ ಮುಂದೆ ಶುಕ್ರವಾರದ ಸಭೆ ಬಂದು ನಿಂತಿತು. ಅಧ್ಯಕ್ಷೆ ಕೇಳಿದ ಪುರಾವೆ ಇದೇ ಅಲ್ಲವೇ, ಹತ್ತು ಕಾಗದಗಳನ್ನು ತೂಕಕ್ಕೆ ಹಾಕಿದರೂ ಇದಕ್ಕೆ ಸಮ ಬಾರದು. ಅವಳು ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯಿಂದ ಮಾತು ಬಂತು.

"ಇದನ್ನ ಎಲ್ಲೂ ಹೇಳ್ಬೇಡಿ ಅಕ್ಕಾ. ಹೆಸರು ಬಿಟ್ಟು ಕೂಡ ಬೇಡ. ಒಂದೇ ಒಂದು ಸಲ ಆಗಿದೆ. ನಾಳೆ ಹೇಗೋ ಏನೋ. ಅವರು ಸರಿಹೋದ್ರು ಅಂತ ನನ್ನ ಬಾಯಿಂದ ಈಗಲೇ ಹೇಳಿಸ್ಬೇಡಿ."

"ಹೇಳಲ್ಲ ಕಣಮ್ಮ," ಎಂದಳು ಫೋನಕ್ಕ. ಫೋನು ಇಟ್ಟ ಮೇಲೂ ಕೈಯನ್ನು ಅದರ ಮೇಲೆಯೇ ಇಟ್ಟುಕೊಂಡು ಕೂತಿದ್ದಳು. ಮೇಷ್ಟ್ರು, ಏನಂತೆ ಎಂದು ಕೇಳಿದಾಗ, ಏನಿಲ್ಲ, ಆಕೆ ಕ್ಷೇಮ ಎಂದಷ್ಟೇ ಹೇಳಿದಳು.

ಗುರುವಾರ ಸಂಜೆ ಮೇಷ್ಟ್ರು ವಿಶೇಷ ಕ್ಲಾಸು ಕರೆದರು. ರಾತ್ರಿಯೆಲ್ಲ ಯೋಚಿಸಿ ಅವರೇ ಕಾಗದಗಳನ್ನು ವಾಪಸ್ ಕೊಡುವ ನಿರ್ಧಾರಕ್ಕೆ ಬಂದಿದ್ದರು. ಕಾಗದಗಳನ್ನು ತಾನೇ ಹಂಚುತ್ತೇನೆ, ನೀವು ಬರಬೇಡಿ ಎಂದಿದ್ದರು. ಆದರೂ ಫೋನಕ್ಕ ಬಂದು ಹಳೆಯ ಕ್ಯಾಶ್ ಕೌಂಟರಿನ ಮಸುಕು ಗಾಜಿನ ಹಿಂದೆ ಕೂತು ಕೇಳಿಸಿಕೊಂಡಳು. ಮೇಷ್ಟ್ರು ಹೆಚ್ಚು ಮಾತಾಡಲಿಲ್ಲ. ಒಬ್ಬೊಬ್ಬನನ್ನೇ ಕರೆದು ಅವನವನ ಕಾಗದವನ್ನು ಕೈಗಿತ್ತು, ಇದನ್ನು ಮನೆಗೆ ಒಯ್ದು ಕೊಡಿ, ಕೇಳಬಾರದಿತ್ತು, ತಪ್ಪಾಯಿತು ಎಂದು ಹೇಳಿ, ಹರಿದು ಹಾಕುವುದೋ ಒಲೆಗೆ ಹಾಕುವುದೋ ಅವರಿಷ್ಟ ಎಂದರು. ಸಮಿತಿಯ ಗತಿಯೇನು ಎಂದು ಯಾರೋ ಕೇಳಿದರು. ಗೊತ್ತಿಲ್ಲ ಎಂದರು ಮೇಷ್ಟ್ರು.

ಕಂಡಕ್ಟರು ಕಾಗದ ತೆಗೆದುಕೊಳ್ಳಲಿಲ್ಲ. ಅವನ ದನಿ ಏರಿತ್ತು. "ನಾನು ಹೊಡೀಲಿಲ್ಲ, ಬೈಲಿಲ್ಲ. ಬರೆದುಕೊಡು ಅಂದೆ, ಬರೆದುಕೊಟ್ಲು. ಇದರಲ್ಲಿ ತಪ್ಪೇನು ಸಾರ್?"

"ಬೇಡ ಅಂದಿದ್ರೆ ಏನು ಮಾಡ್ತಿದ್ದೆ?"

"ಬೇಡ ಅಂತ ಯಾಕಂತಾಳೆ?" ಎಂದ ಕಂಡಕ್ಟರು. ಮೇಷ್ಟ್ರು ಕಾಗದವನ್ನು ಅವನ ಮುಂದೆ ಚಾಚಿಯೇ ಇದ್ದರು. ಅವನು ಮತ್ತೊಮ್ಮೆ, ಸ್ವಲ್ಪ ಮೆಲ್ಲಗೆ, "ಅವಳು ಬೇಡ ಅನ್ನಲ್ಲ ಸಾರ್. ಯಾವುದಕ್ಕೂ ಅನ್ನಲ್ಲ," ಎಂದ. ಹೇಳಿದ ಮಾತು ಅವನ ಕಿವಿಗೇ ಬಿದ್ದಿರಬೇಕು. ಕೈಚಾಚಿ ಕಾಗದ ತೆಗೆದುಕೊಂಡ. ಅಲ್ಲಿಯವರೆಗೆ ಅವನು ಅದನ್ನು ಓದಿಯೇ ಇರಲಿಲ್ಲವೆಂದು ಕಾಣುತ್ತದೆ. ಕೊನೆಯ ಸಾಲಿನ ತನಕ ಓದಿ, ಅಲ್ಲೇ ಬೆರಳಿಟ್ಟುಕೊಂಡು, ಕುರ್ಚಿಯ ಮೇಲೆ ಕೂತುಬಿಟ್ಟ.

ಬೇಕರಿಯವನು ಬೀಗದವನ ಕಡೆ ತಿರುಗಿ, ನಿನ್ನ ಕಥೆ ಏನಪ್ಪ, ಕೇಳಲೇ ಇಲ್ಲವಾ ಎಂದ.

"ಕೇಳ್ದೆ. ಆಗಲ್ಲ ಅಂದ್ಲು. ಸುಮ್ನಾದೆ," ಎಂದ ಬೀಗದವನು.

"ಅಷ್ಟೇನಾ?"

"ಅಷ್ಟೇ. ಹೊಟ್ಟೆ ಉರೀತು. ಈಗಲೂ ಉರೀತಿದೆ."

ಯಾರೋ ಕಿಸಕ್ಕೆಂದು ನಕ್ಕರು, ಬೀಗದವನು ನಗಲಿಲ್ಲ. ಮಸುಕು ಗಾಜಿನಲ್ಲಿ ಅವನು ಬರಿಯ ಒಂದು ಬೂದು ಬಣ್ಣದ ಅಂಗಿಯಾಗಿ ಕಾಣುತ್ತಿದ್ದ. ಹೊಗಳಿಕೆಗೆ ಹೆಸರಾದ ಮೇಷ್ಟ್ರು ಅವನನ್ನು ಹೊಗಳದೆ ಬಿಟ್ಟದ್ದು ಫೋನಕ್ಕನಿಗೆ ಬಹಳ ಹಿಡಿಸಿತು.

ಶುಕ್ರವಾರ ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು, ಐದು ಜನ, ಮುಚ್ಚಳವಿಟ್ಟ ನೀರಿನ ಲೋಟಗಳು. ಅಧ್ಯಕ್ಷೆ ಹಿಂದೆ ನರ್ಸ್ ಆಗಿದ್ದವರು, ಮಾತಿನಲ್ಲಿ ಸುತ್ತುಬಳಸು ಇರಲಿಲ್ಲ. ಮನೆ ಬಿಟ್ಟು ಬಂದ ಹೆಂಗಸರ ಆಶ್ರಯ ಕೇಂದ್ರಕ್ಕೆ ಇನ್ನು ಆರು ಹಾಸಿಗೆ ಬೇಕು, ಅದಕ್ಕೇ ಹಣ ಸಾಲುತ್ತಿಲ್ಲ. ಏಟು ತಿಂದವರಿಗೆ ಇಲ್ಲದ್ದನ್ನು ಏಟು ಕೊಟ್ಟವರಿಗೆ ಯಾಕೆ ಕೊಡಬೇಕು, ಹೇಳಿ ಎಂದರು. ಫೋನಕ್ಕ, ಹಾಸಿಗೆ ಮೊದಲು ಕೊಡಿ ಎಂದಳು. ಮೇಷ್ಟ್ರು ಮೇಜಿನ ಕೆಳಗೆ ಅವಳ ಕಾಲು ತುಳಿದರು. ಕೊಟ್ಟು ಉಳಿದರೆ ನಮಗೆ ಕೊಡಿ, ಎಲ್ಲ ಹೆಂಗಸರೂ ಮನೆ ಬಿಟ್ಟು ಬರುವುದಿಲ್ಲ, ಬಾರದವರ ಮನೆಯಲ್ಲಿ ಆ ಗಂಡಸು ಇದ್ದೇ ಇರುತ್ತಾನೆ ಎಂದು ಅವಳು ಮಾತು ಮುಗಿಸಿದಳು.

ಅಧ್ಯಕ್ಷೆ ಕಡತ ತಿರುವಿ, ಹತ್ತು ಪತ್ರ ಲಗತ್ತಿಸಿದೆ ಎಂದಿದೆ, ಎಲ್ಲಿ ಎಂದರು. ಫೋನಕ್ಕ ನಡೆದದ್ದನ್ನು ಇದ್ದಂತೆ ಹೇಳಿದಳು: ಗಂಡಸರು ಬರೆಸಿದ್ದರು, ಹಾಗೆ ಬರೆಸಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಾಗುವುದಿಲ್ಲ, ವಾಪಸ್ ಕೊಟ್ಟಿದ್ದೇವೆ.

"ಹಾಗಾದ್ರೆ ನಮಗೆ ತೋರಿಸೋಕೆ ಏನಿದೆ?"

ಕತ್ತರಿ, ಬಾಗಿಲು, ಎರಡೆರಡು ಸಲ ತೊಳೆದ ಪಾತ್ರೆ, ಎಲ್ಲವೂ ಫೋನಕ್ಕನ ನಾಲಿಗೆಯ ತುದಿಗೆ ಬಂದವು. ಹೆಸರು ಹೇಳದೆ, ಊರು ಕೇರಿ ಹೇಳದೆ, ಎರಡೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಹೇಳಿದ್ದರೆ ಆ ಐದೂ ಜನ ತಲೆದೂಗುತ್ತಿದ್ದರು. ಅವಳು ನೀರು ಕುಡಿದು ಲೋಟ ಕೆಳಗಿಟ್ಟಳು.

"ತೋರಿಸೋಕೆ ಏನೂ ಇಲ್ಲ ಮೇಡಂ. ನನಗೆ ಗೊತ್ತಿರೋದು ಇದೆ. ಅದು ಆ ಹೆಂಗಸ್ರದ್ದು, ನಾನು ಕೊಡೋ ಹಾಗಿಲ್ಲ."

ಅಧ್ಯಕ್ಷೆ ಪೆನ್ನಿನ ಮುಚ್ಚಳ ಹಾಕುತ್ತ, ಆಸ್ಪತ್ರೆಯಲ್ಲಿ ಗಾಯ ಕಟ್ಟುವಾಗ ಎಲ್ಲರೂ ಮೆಟ್ಟಿಲಿಂದ ಬಿದ್ದೆ ಅನ್ನುತ್ತಿದ್ದರು, ಗಂಡ ಪಕ್ಕದಲ್ಲೇ ಬ್ಯಾಗು ಹಿಡಿದು ನಿಂತಿರುತ್ತಿದ್ದ, ಎಂದು ಯಾರಿಗೋ ಎಂಬಂತೆ ಹೇಳಿದರು. ಆ ಪತ್ರಗಳನ್ನು ತಂದಿದ್ದರೆ ಕಡತವನ್ನು ಇಲ್ಲಿಗೇ ಮುಚ್ಚುತ್ತಿದ್ದೆ ಎಂದೂ ಹೇಳಿದರು. ಐದು ಜನ ತಲೆ ಹತ್ತಿರ ತಂದು ಪಿಸುಗುಟ್ಟಿದರು. ತೀರ್ಮಾನ ಬಂತು: ಹಾಸಿಗೆಗಳಿಗೆ ಮೊದಲು, ಕ್ಲಾಸಿಗೆ ಪೂರ್ತಿ ವರ್ಷವಲ್ಲ, ಆರು ತಿಂಗಳು. ಆಮೇಲೆ ಮತ್ತೆ ಬರಬೇಕು. ಫೋನಿಗೆ ಇನ್ನೊಬ್ಬರನ್ನು ಸೇರಿಸಿಕೊಳ್ಳಬಹುದು.

ಹೊರಗೆ ಬಂದ ಮೇಲೆ ಮೇಷ್ಟ್ರು, ಆರು ತಿಂಗಳಲ್ಲಿ ಏನಾಗುತ್ತದೆ ಎಂದು ಮುಖ ಊದಿಸಿಕೊಂಡರು. ಎರಡು ನಿಮಿಷ ಕಳೆದು, ಆರು ತಿಂಗಳು ಅಂದರೆ ಇಪ್ಪತ್ತಾರು ಮಂಗಳವಾರ ಎಂದರು. ಮೆಟ್ಟಿಲು ಇಳಿಯುವಷ್ಟರಲ್ಲಿ ಆ ಇಪ್ಪತ್ತಾರಕ್ಕೂ ಪಾಠದ ಪಟ್ಟಿ ಅವರ ತಲೆಯಲ್ಲಿ ತಯಾರಾಗುತ್ತಿತ್ತು. ಬಾಗಿಲ ತನಕ ನಡೆದ ಮೇಲೆ ಎಲ್ಲಿಗೆ ಹೋಗಬೇಕು ಅನ್ನುವುದನ್ನೂ ಒಂದಿಷ್ಟು ಕಲಿಸಿ ಮೇಷ್ಟ್ರೇ ಎಂದಳು ಫೋನಕ್ಕ. ಅವರಿಗೆ ಅರ್ಥವಾಗಲಿಲ್ಲ, ಅವಳು ಬಿಡಿಸಿ ಹೇಳಲೂ ಇಲ್ಲ.

ಸೋಮವಾರ ಬೆಳಿಗ್ಗೆ ಅವಳು ಎಂದಿಗಿಂತ ಮುಂಚೆ ಬಂದು ಕೂತಳು. ತರಕಾರಿಯ ಹೆಂಗಸು ಮೊದಲ ರಿಂಗಿಗೇ ಎತ್ತಿ, ತನ್ನ ಗಂಡ ಕ್ಷಮೆ ಕೇಳಿದ ರೀತಿಯನ್ನು ನಟಿಸಿ ತೋರಿಸಿದಳು, ಫೋನಿನಲ್ಲಿ ಕಾಣಿಸದು ಎಂಬುದನ್ನೂ ಮರೆತು. ಕೇಳಿದಾಗ ಇಬ್ಬರು, ಕಾಗದ ವಾಪಸ್ ಬರಲೇ ಇಲ್ಲವಲ್ಲ ಎಂದರು. ಫೋನಕ್ಕ ಆ ಇಬ್ಬರ ಹೆಸರಿನ ಮುಂದೆ ಗುರುತು ಹಾಕಿಕೊಂಡಳು. ಕಂಡಕ್ಟರನ ಹೆಂಡತಿ ಚೆನ್ನಾಗಿದ್ದೀವಿ ಎಂದಳು. ಫೋನಕ್ಕ ಲೈನು ಕಡಿಯುವ ಸದ್ದಿಗೆ ಕಾದಳು. ಅದು ಬರಲಿಲ್ಲ. ಆ ಕಡೆ ಉಸಿರಾಟ ಕೇಳಿಸುತ್ತಿತ್ತು.

"ಇದ್ದೀಯಾ ಮಗಳೇ?"

"ಇದ್ದೀನಿ," ಎಂದಳು ಕಂಡಕ್ಟರನ ಹೆಂಡತಿ. ಮತ್ತೇನೂ ಹೇಳಲಿಲ್ಲ. ಇಬ್ಬರೂ ಹಾಗೆಯೇ ನಾಲ್ಕು ನಿಮಿಷ ಲೈನಿನಲ್ಲಿದ್ದರು.

ಬೀಗದವನ ಹೆಂಡತಿಯ ಸರದಿ ಬಂದಾಗ ಹನ್ನೊಂದೂವರೆ. ಆರು ತಿಂಗಳು ಸಿಕ್ಕಿದೆ ಎಂದು ಫೋನಕ್ಕ ಹೇಳಿದಳು. ಹೂಂ, ಹೇಳಿದ್ರು ಎಂದಳು ಆಕೆ. ನಿಮ್ಮ ಮಾತು ಎಲ್ಲೂ ಹೋಗಿಲ್ಲ ಎಂದು ಫೋನಕ್ಕ ಹೇಳುತ್ತಿದ್ದಂತೆಯೇ ಆ ಕಡೆ ಹೊರಬಾಗಿಲು ತೆರೆದುಕೊಂಡಿತು. ಭಾರದ ಹೆಜ್ಜೆ, ಕಬ್ಬಿಣದ ಸಾಮಾನಿನ ಚೀಲ ಗೋಡೆಗೆ ತಗುಲಿದ ಸದ್ದು. ಅಂಗಡಿಯಲ್ಲಿರಬೇಕಾದವನು ಏನನ್ನೋ ಮರೆತು ಮನೆಗೆ ಬಂದಿದ್ದ. ಫೋನಕ್ಕ ಇನ್ನು ಆಕೆ ಫೋನು ಇಡುತ್ತಾಳೆ ಎಂದುಕೊಂಡಳು.

"ಅಲ್ಲೇ ನಿಂತ್ಕೊಳ್ಳಿ," ಎಂದು ಆಕೆ ಗಟ್ಟಿಯಾಗಿ ಕೂಗಿದಳು. "ಈಗ ತಾನೇ ನೆಲ ಒರೆಸಿದೀನಿ. ಕಾಲು ಒರೆಸ್ಕೊಂಡು ಬನ್ನಿ. ದಿನಾ ಹೇಳ್ಬೇಕಾ ನಿಮಗೆ?"

ಹನ್ನೊಂದು ತಿಂಗಳಲ್ಲಿ ಆಕೆ ಗದರಿದ್ದನ್ನು ಫೋನಕ್ಕ ಕೇಳಿರಲಿಲ್ಲ. ಆ ಮನೆಯಲ್ಲಿ ಎಲ್ಲ ಸದ್ದೂ ನಿಂತಿತು. ಹೆಜ್ಜೆ ನಿಂತಿತು, ಚೀಲ ನಿಂತಿತು, ಆಕೆಯ ಉಸಿರೂ ನಿಂತಂತೆನಿಸಿತು. ಫೋನಕ್ಕ ಕುರ್ಚಿಯ ತುದಿಗೆ ಸರಿದು ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು.

ಆಮೇಲೆ ಒರಟು ಕಾಲೊರಸಿನ ಮೇಲೆ ಕಾಲುಜ್ಜುವ ಸದ್ದು ಬಂತು. ಒಂದು ಕಾಲು, ಇನ್ನೊಂದು ಕಾಲು, ಮತ್ತೆ ಮೊದಲಿನ ಕಾಲು.